ಮೂಸಬ್ಬನ ಮಗ ನಡೆದು ಹೋಗುತ್ತಾನಂತೆ

ಮುಹೈಸ್ನಾ, ದುಬೈ
13 ಜನವರಿ 2025, ಸೋಮವಾರ

ಬಾಪ,

ಹುಚ್ಚು ಅಲ್ಲ. ಅದನ್ನು ಮೊದಲು ಹೇಳುತ್ತೇನೆ, ಸಲಾಂ ಆಮೇಲೆ. "ಆ ಬಿಳಿಯನಿಗೆ ಕೆಲಸ ಇಲ್ಲ, ನಿನಗೆ ಬುದ್ಧಿ ಇಲ್ಲ" ಎಂದು ಫೋನ್ ಕಟ್ ಮಾಡಿದಿರಲ್ಲ, ಅದರಲ್ಲಿ ಅರ್ಧ ಮಾತ್ರ ಸರಿ. ಅವರಿಗೆ ಕೆಲಸ ಇಲ್ಲ. ಯಾಕೆಂದರೆ ಅವರ ಕಣ್ಣು ಹೋಗುತ್ತಾ ಉಂಟು.

ಅಸ್ಸಲಾಮು ಅಲೈಕುಂ. ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ನಮ್ಮಿಬ್ಬರಲ್ಲಿ ಒಬ್ಬರು ಕಟ್ ಮಾಡುತ್ತೇವೆ. "ಬಾಪನೂ ನೀನೂ ಕಾಗದ ಬರೀರಿ, ನನ್ನ ಕಿವಿಗೆ ರೆಸ್ಟ್ ಸಿಗ್ಲಿ" ಎಂದು ಜಸೀಲ ಊರಿನಿಂದ ಆರ್ಡರ್ ಮಾಡಿದ್ದಾಳೆ. ತಂಗಿಯ ಮಾತು ಮೀರಲಿಕ್ಕೆ ನಿಮ್ಮಿಂದ ಆಗುವುದಿಲ್ಲ, ನನ್ನಿಂದಲೂ ಇಲ್ಲ. ನನ್ನ ರೂಮಿನ ಗೇಬ್ರಿಯಲ್ ಮಂಗಳವಾರ, ಶನಿವಾರ ಕಾಗದದ ಕಪ್ಪು, ಟಿಶ್ಯೂ ತುಂಬಿಸಿಕೊಂಡು ಅಬುಧಾಬಿಗೆ ವ್ಯಾನ್ ಓಡಿಸುತ್ತಾನೆ. ನಿಮ್ಮ ಕೆಫೆಟೇರಿಯಾಕ್ಕೂ ಇಳಿಸುತ್ತಾನೆ. ಅವನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಫಿಂಟನ್ ಸಾರ್ ನಮ್ಮ ಕಂಪನಿಯ ಸರ್ವೆಯರ್ ಆಗಿದ್ದವರು. ಅವರು ಮೂರು ಕಾಲಿನ ಮಿಷನ್ನಿಗೆ ಕಣ್ಣಿಟ್ಟರೆ, ದೂರದಲ್ಲಿ ಕೋಲು ಹಿಡಿದು ನಿಲ್ಲುವವ ನಾನು. ಕಳೆದ ವರ್ಷ ಒಂದು ದಿವಸ "ಕೋಲು ನೇರ ಹಿಡಿ" ಎಂದು ಬೈದರು. ನಾನು ನೇರವೇ ಹಿಡಿದಿದ್ದೆ. ಮಿಷನ್ನಿಂದ ತಲೆ ಎತ್ತಿ ಒಂದು ಕಣ್ಣು ಮುಚ್ಚಿ ನೋಡಿದರು, ಆಮೇಲೆ ಇನ್ನೊಂದು. ಈಗ ಅವರಿಗೆ ಎದುರಿನವರ ಮುಖ ಕಾಣುವುದಿಲ್ಲ, ಬದಿಯ ಕಿವಿ ಕಾಣುತ್ತದೆ. ಭಾನುವಾರ ಬೆಳಿಗ್ಗೆ ನಾವಿಬ್ಬರು ಮುಶ್ರಿಫ್ ಪಾರ್ಕಿನ ಮರಗಳ ನಡುವೆ ನಡೆಯುತ್ತೇವೆ. ನಾನು ಅರ್ಧ ಹೆಜ್ಜೆ ಮುಂದೆ. ಅವರ ಕೈ ನನ್ನ ಮೊಣಕೈ ಮೇಲೆ.

ಅವರ ಊರು ಐರ್ಲೆಂಡ್. ಅಲ್ಲಿ ವಿಕ್ಲೋ ಎನ್ನುವ ಗುಡ್ಡಗಳ ಮೇಲೆ ನೂರಮೂವತ್ತು ಕಿಲೋಮೀಟರಿನ ಒಂದು ಕಾಲುದಾರಿ. ಕಣ್ಣು ಪೂರ್ತಿ ಹೋಗುವ ಮೊದಲು ಅದನ್ನು ನಡೆದು ಮುಗಿಸಬೇಕು ಅಂತ ಅವರಿಗೆ. ಹತ್ತು ದಿವಸ ಬೇಕು, ಈದ್ ಕಳೆದು ಏಪ್ರಿಲಿನಲ್ಲಿ ಹೊರಡುವುದು. ಸ್ವಂತ ಮಗ ಇದ್ದಾನೆ, ಆದರೆ ನನ್ನನ್ನೇ ಕರೆಯುತ್ತಾರೆ. "ಅವನು ಪ್ರತಿ ಕಲ್ಲಿಗೂ ಹುಷಾರು ಹುಷಾರು ಅಂತಾನೆ. ನೀನು ಕಲ್ಲು ಅಂತ ಮಾತ್ರ ಹೇಳ್ತೀ" ಎಂದರು.

ಟಿಕೆಟ್ ಅವರದ್ದು. ಕಂಪನಿ ರಜೆ ಕೊಟ್ಟಿದೆ, ಸಹಿ ಹಾಕಿದ ಕಾಗದ ನನ್ನ ಹತ್ತಿರ ಉಂಟು, ಇಲ್ಲಿಯ ವೀಸಾ ಕ್ಯಾನ್ಸಲ್ ಆಗುವುದಿಲ್ಲ. ಐರ್ಲೆಂಡ್ ವೀಸಾಕ್ಕೆ ಮಾರ್ಚ್ ಹನ್ನೆರಡರಂದು ಹೋಗಬೇಕು. ಪಾಸ್‌ಪೋರ್ಟ್ ನಿಮ್ಮ ಪೆಟ್ಟಿಗೆಯಲ್ಲಿ ಉಂಟು, ನಿಮ್ಮ ಅಂಗಡಿ ಬಿಟ್ಟು ನಾನು ಓಡಿದ ದಿವಸದಿಂದ.

ಕಳೆದುಹೋಗಿದೆ ಅಂತ ಬರೆದುಕೊಟ್ಟರೆ ಹೊಸದು ಸಿಗುತ್ತದೆ ಎಂದು ಗೇಬ್ರಿಯಲ್ ಹೇಳುತ್ತಾನೆ. ನನಗೆ ಹಾಗೆ ಬೇಡ. ನಾನು ಎಲ್ಲಿಗೆ ಹೋಗುತ್ತೇನೆ ಅಂತ ಗೊತ್ತಿದ್ದು, ನೀವು 'ಹೋಗು' ಅನ್ನಬೇಕು. ನಿಮ್ಮ ಅಂಗಡಿ ಬಿಡುವಾಗ ಕೇಳಲಿಲ್ಲ. ಈ ಸಲ ಕೇಳುತ್ತಿದ್ದೇನೆ.

ನಿಮ್ಮ ಮಗ
ಸಫ್ವಾನ್


ಹಮ್ದಾನ್ ಸ್ಟ್ರೀಟ್, ಅಬುಧಾಬಿ
17 ಜನವರಿ 2025

ಸಫ್ವಾನಿಗೆ,

ವಅಲೈಕುಮುಸ್ಸಲಾಂ. ನಾನು ಕಲಿತದ್ದು ಐದನೇ ಕ್ಲಾಸು. ತಪ್ಪು ಇದ್ದರೆ ತಿದ್ದಿಕೊಂಡು ಓದು.

ಇಪ್ಪತ್ತೇಳು ವರ್ಷದಿಂದ ನಾನು ಈ ಚಹಾದ ಕೌಂಟರಿನ ಹಿಂದೆ ಇದ್ದೇನೆ. ಆ ಕಡೆ ಎರಡು ಹೆಜ್ಜೆ, ಈ ಕಡೆ ಎರಡು ಹೆಜ್ಜೆ. ನನ್ನ ಕಾಲಿನ ನರ ಗಂಟು ಕಟ್ಟಿದ್ದು ನಡೆದು ಅಲ್ಲ, ನಿಂತು. ನೀನು ಮೊದಲು ಬೇಕರಿ ಅಂದೆ, ಆಮೇಲೆ ನನ್ನ ಅಂಗಡಿ, ಆಮೇಲೆ ಮೊಬೈಲ್ ರಿಪೇರಿ, ಈಗ ಬಿಸಿಲಿನಲ್ಲಿ ಕೋಲು ಹಿಡಿಯುವುದು. ಮೂರು ವರ್ಷದಲ್ಲಿ ನಾಲ್ಕು. ನಮ್ಮ ಮುಹಿಯುದ್ದೀನ್ ಪರೋಟ ಹೊಡೆಯುತ್ತಾ ಎಲ್ಲರ ಎದುರು ಕೇಳುತ್ತಾನೆ, "ಮೂಸಾಕ, ಮಗ ಈಗ ಯಾವ್ದರಲ್ಲಿ?" ಅವನ ಮಗ ಅಲ್ ರೀಮ್ ಐಲ್ಯಾಂಡಿನಲ್ಲಿ ಲಿಫ್ಟಿನ ಟೆಕ್ನಿಷಿಯನ್. ನಾನು ಏನು ಹೇಳಲಿ? ನಡೆಯುವುದರಲ್ಲಿ ಅಂತಲಾ?

ಕಣ್ಣು ಕಾಣದವರ ಕೈ ಹಿಡಿಯುವುದು ಸವಾಬಿನ ಕೆಲಸ, ಪುಣ್ಯ ಸಿಗುತ್ತದೆ, ಒಪ್ಪುತ್ತೇನೆ. ಅದಕ್ಕೆ ಐರ್ಲೆಂಡ್ ಯಾಕೆ? ನಡೆಯಲಿಕ್ಕೆ ಇಲ್ಲಿ ಸಮುದ್ರದ ಬದಿಯಲ್ಲಿ ಕಾರ್ನಿಷ್ ಇಲ್ಲವಾ? ನೀನು ಹೋಗುವುದು ಸಂಪಾದನೆಗೂ ಅಲ್ಲ, ದೀನಿನ, ಧರ್ಮದ ಕೆಲಸಕ್ಕೂ ಅಲ್ಲ. ಮೂರನೆಯದ್ದು ಒಂದು ಉಂಟು ಅಂತ ನನಗೆ ಯಾರೂ ಕಲಿಸಿಲ್ಲ.

ಪಾಸ್‌ಪೋರ್ಟ್ ಇದ್ದಲ್ಲೇ ಇರುತ್ತದೆ. ಖಲಾಸ್.

ನಿನ್ನ ಬಾಪ
ಮೂಸಬ್ಬ

ಕಪ್ಪು ಎರಡು ಪೆಟ್ಟಿಗೆ ಕಮ್ಮಿ ಬಂದಿದೆ. ಗೇಬ್ರಿಯಲನಿಗೆ ಹೇಳು.


ಮುಹೈಸ್ನಾ
3 ಫೆಬ್ರವರಿ 2025

ಬಾಪ,

ಅಸ್ಸಲಾಮು ಅಲೈಕುಂ. ಕಪ್ಪಿನ ವಿಷಯ ಗೇಬ್ರಿಯಲನಿಗೆ ಹೇಳಿದೆ. "ನಿನ್ನ ಬಾಪ ಕಪ್ಪು ಲೆಕ್ಕ ಮಾಡುವ ಹಾಗೆ ನನ್ನ ಪಾದ್ರಿ ಪಾಪ ಲೆಕ್ಕ ಮಾಡುದಿಲ್ಲ ಮಾರಾಯ" ಎಂದ. ಕಳಿಸಿದ್ದಾನೆ.

ನಿನ್ನೆ ಫಿಂಟನ್ ಸಾರ್ ಬಿದ್ದರು. ನನ್ನ ತಪ್ಪು. ನನಗೆ ಯಾವಾಗಲೂ ಮುಂದಿನ ತಿರುವಿನಲ್ಲಿ ಏನುಂಟು ಅಂತ ನೋಡಬೇಕು, ನಿಮಗೆ ಗೊತ್ತುಂಟಲ್ಲ. ಹೆಜ್ಜೆ ಉದ್ದ ಮಾಡಿದೆ, ಅವರ ಕೈ ಜಾರಿತು, ಬೇರು ತಡೆಯಿತು. ಮೊಣಕಾಲು ಕೆತ್ತಿ ರಕ್ತ ಬಂತು. ಬೈಯಲಿಲ್ಲ. ಮಣ್ಣಿನಲ್ಲೇ ಕೂತು "ಈಗ ನೀನು ಹೋಗಿ ಆ ತಿರುವು ನೋಡಿ ಬಾ. ನೋಡಿದ್ದನ್ನು ನನಗೆ ಹೇಳು. ಆಮೇಲೆ ಒಟ್ಟಿಗೆ ಹೋಗುವ" ಎಂದರು. ಹೋಗಿ ನೋಡಿದೆ. ತಿರುವಿನಲ್ಲಿ ಇನ್ನೊಂದು ಮರ ಇತ್ತು, ಅಷ್ಟೆ. ಆದರೆ ಅದನ್ನು ಹೇಳಬೇಕಿತ್ತಲ್ಲ, ಅದಕ್ಕೆ ಸರಿಯಾಗಿ ನೋಡಿದೆ. ಇಲ್ಲಿಗೆ ಬಂದ ಮೇಲೆ ಒಂದು ಮರವನ್ನು ನಿಂತು ನೋಡಿದ್ದು ಅದೇ ಮೊದಲು.

ನೀವು ಮೂರನೆಯದ್ದು ಏನು ಎಂದು ಕೇಳಿದಿರಿ. ನನಗೂ ಹೆಸರು ಗೊತ್ತಿಲ್ಲ. ಅವರು ಹೇಳಿದ್ದನ್ನು ಬರೆಯುತ್ತೇನೆ.

ಆ ದಾರಿಯಲ್ಲಿ ಅಲ್ಲಲ್ಲಿ ಕಪ್ಪು ಕಂಬ ನೆಟ್ಟಿದ್ದಾರಂತೆ. ಕಂಬದ ಮೇಲೆ ನಡೆಯುವ ಮನುಷ್ಯನ ಹಳದಿ ಚಿತ್ರ. ಕೆಸರು ನೆಲದ ಮೇಲೆ ರೈಲಿನ ಹಳೇ ಮರದ ಹಲಗೆ ಹಾಸಿದ್ದಾರೆ, ಒಬ್ಬರ ಹಿಂದೆ ಒಬ್ಬರು ಹೋಗುವಷ್ಟು ಅಗಲ. ಒಂದು ಕಡೆ ಬ್ರಿಟಿಷರ ಸೈನ್ಯ ಕಟ್ಟಿದ ರಸ್ತೆ ಸಿಗುತ್ತದೆ, ಗುಡ್ಡದಲ್ಲಿ ಅಡಗಿದ ದಂಗೆಯವರನ್ನು ಹಿಡಿಯಲಿಕ್ಕೆ ಇನ್ನೂರು ವರ್ಷದ ಹಿಂದೆ ಕಟ್ಟಿದ್ದು. ಒಂದು ಕಡೆ ಮಾಡು ಇಲ್ಲದ ಕಲ್ಲಿನ ಗೋಡೆಗಳು. ಆಲೂಗಡ್ಡೆ ಕೊಳೆತು ಹಸಿವು ಬಂದಾಗ ಆ ದೇಶದಲ್ಲಿ ಎಷ್ಟೋ ಜನ ಸತ್ತರು, ಉಳಿದವರು ಹಡಗು ಹತ್ತಿದರು. ಫಿಂಟನ್ ಸಾರ್ ಅವರ ಮುತ್ತಜ್ಜನ ಅಣ್ಣ ಆ ಗುಡ್ಡ ಇಳಿದೇ ಬಂದರಿಗೆ ಹೋದದ್ದಂತೆ. ಪತ್ರ ಬರೆಯುತ್ತೇನೆ ಎಂದು ಹೋದವ. ಬರೆಯಲಿಲ್ಲ. "ನಮ್ಮಲ್ಲಿ ಪ್ರತಿ ಮನೆಗೂ ಅಂಥವ ಒಬ್ಬ" ಎಂದರು. ನಮ್ಮಲ್ಲೂ ಹಾಗೇ ಅಂತ ನಾನು ಹೇಳಲಿಲ್ಲ. ಹೇಳಬೇಕಿತ್ತು.

ಮತ್ತೆ ಎರಡು ಕೆರೆಗಳ ಒಂದು ಕಣಿವೆ. ಗ್ಲೆಂಡಲಾಕ್ ಅಂತ ಹೆಸರು. ಸಾವಿರ ವರ್ಷದ ಗೋಪುರ, ಮುರಿದ ಇಗರ್ಜಿಗಳು. ಅಲ್ಲಿ ಒಬ್ಬ ದೊಡ್ಡ ಸಂತರು ಇದ್ದರು. ಅಲ್ಲಿಗೆ ಏಳು ಸಲ ನಡೆದು ಬಂದರೆ ಅವರ ಮತದ ದೊಡ್ಡ ಯಾತ್ರೆ ಒಂದು ಮಾಡಿದ ಹಾಗೆ ಎಂದು ಹಳಬರು ಹೇಳುತ್ತಿದ್ದರಂತೆ. ಸಾರ್ ಅವರ ಅಜ್ಜಿ ಆರು ಸಲ ಹೋಗಿದ್ದರು. ಏಳನೆಯದ್ದು ಆಗಲಿಲ್ಲ. ಅದು ತನ್ನ ತಲೆಯ ಮೇಲೆ ಉಂಟು ಎಂದು ಸಾರ್ ನಗುತ್ತಾರೆ. ನಗು ಪೂರ್ತಿ ಬರುವುದಿಲ್ಲ.

ಅವರಿಗೆ ಅದು ದೀನು. ನನಗೆ ಅಲ್ಲ, ಹೆದರಬೇಡಿ. ನಾನು ಅವರ ಜೊತೆ ನಡೆಯುವವ ಮಾತ್ರ.

ಸಫ್ವಾನ್


ಹಮ್ದಾನ್ ಸ್ಟ್ರೀಟ್
21 ಫೆಬ್ರವರಿ 2025

ಮೋನೆ,

ಅಸ್ಸಲಾಮು ಅಲೈಕುಂ. ಪಾಸ್‌ಪೋರ್ಟ್ ಗೇಬ್ರಿಯಲನ ಹತ್ತಿರ ಕೊಟ್ಟಿದ್ದೇನೆ. ಪ್ಲಾಸ್ಟಿಕ್‌ನಲ್ಲಿ ಸುತ್ತಿದ್ದೇನೆ, ಬಿಸಿಲಿಗೆ ಇಡಬೇಡ.

ಜೊತೆಗೆ ಒಂದು ಜೊತೆ ಶೂ ಉಂಟು, ಗಿರಾಕಿಯೊಬ್ಬರು ಕೊಟ್ಟದ್ದು. ಒಂದು ಡಬ್ಬ ಖರ್ಜೂರ, ಅದೂ ಬೇರೆಯವರು ಕೊಟ್ಟದ್ದು. ಒಂದು ಕವರಿನಲ್ಲಿ ಚೀಟಿಗಳು ಉಂಟು, ಹನ್ನೊಂದು. ಹೋಗುವ ಕಡೆ ದುಆ ಮಾಡು.

ಈಗ ಅಂಗಡಿಗೆ ಬರಬೇಡ. ರಮಳಾನ್ ಹತ್ತಿರ ಬಂತು, ರಶ್ ಉಂಟು.

ನಿನ್ನ ಬಾಪ


ಮುಹೈಸ್ನಾ
24 ಫೆಬ್ರವರಿ 2025

ಬಾಪ,

ಪಾಸ್‌ಪೋರ್ಟ್ ಕೈಗೆ ಬಂದಾಗ ನಾನು ಗೇಬ್ರಿಯಲನನ್ನು ಎತ್ತಿ ತಿರುಗಿಸಿದೆ. ಅವನ ಹೊಟ್ಟೆ ನಿಮಗೆ ಗೊತ್ತುಂಟಲ್ಲ. "ಸಾಕು ಮಾರಾಯ, ಕೆಳಗೆ ಹಾಕು, ನಿನ್ನ ಬಾಪ ಒಪ್ಪಿದ್ದಕ್ಕೆ ನನ್ನ ಸೊಂಟ ಮುರೀಬೇಡ" ಎಂದ. ಆಮೇಲೆ ಕವರು ಬಿಚ್ಚಿದೆ.

ಮೊದಲನೇ ಚೀಟಿ ನಿಮ್ಮ ಬಿಲ್ಡಿಂಗಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿನಲ್ಲಿ ಕೂರುವ ನಸೀಮಕ್ಕನದ್ದು. "ಮಗಳು ಮಿನ್ಹಾಳಿಗೆ ನಾಲ್ಕು ವರ್ಷ. ಇನ್ನೂ ಮಾತು ಬಂದಿಲ್ಲ. ಕಅಬಾ ಕಣ್ಣಿಗೆ ಬಿದ್ದ ಕೂಡಲೇ ಅವಳ ಹೆಸರು ಹೇಳು ತಮ್ಮ." ಎರಡನೆಯದ್ದು ಒಬ್ಬರ ಕಿಡ್ನಿಯದ್ದು. ಅವರೂ ಮಕ್ಕಾದ ಹೆಸರು ಬರೆದಿದ್ದಾರೆ. ಹನ್ನೊಂದೂ ಹಾಗೇ.

ಗೇಬ್ರಿಯಲನ ಕಾಲರ್ ಹಿಡಿದೆ. ಆಗ ಬಾಯಿ ಬಿಟ್ಟ. ಹಮ್ದಾನ್ ಸ್ಟ್ರೀಟಿನಲ್ಲಿ ಎಲ್ಲರ ಬಾಯಲ್ಲಿ ಒಂದೇ ಮಾತಂತೆ: ಮೂಸಬ್ಬನ ಮಗ ನಡೆದು ಹಜ್ಜಿಗೆ ಹೋಗುತ್ತಾನಂತೆ.

ಬಾಪ, ನೀವು ಅವರಿಗೆ ಏನು ಹೇಳಿದಿರಿ?

ಸಫ್ವಾನ್


ಹಮ್ದಾನ್ ಸ್ಟ್ರೀಟ್
7 ಮಾರ್ಚ್ 2025, ರಮಳಾನ್ ಏಳು

ಮೋನೆ,

ನೋಂಪು ಹಿಡಿದು, ಹಸಿದ ಹೊಟ್ಟೆಯಲ್ಲಿ ಬರೆಯುತ್ತಿದ್ದೇನೆ, ಸುಳ್ಳು ಬರೆಯುವುದಿಲ್ಲ.

ನಾನು ಸುಳ್ಳು ಹೇಳಲಿಲ್ಲ. ಮುಹಿಯುದ್ದೀನ್ ಯಾವಾಗಿನ ಹಾಗೆ ಕೇಳಿದ, "ಮೂಸಾಕ, ಮಗ ಕೋಲು ಬಿಟ್ಟನಾ, ಹಿಡ್ಕೊಂಡೇ ಇದ್ದಾನಾ?" ಎಲ್ಲರೂ ನಗಾಡಿದರು. ನನಗೆ ಸಿಟ್ಟು ಬಂತು. "ನಡ್ಕೊಂಡು ಹೋಗ್ತಾನಂತೆ. ದೊಡ್ಡ ಒಬ್ಬರು ಔಲಿಯಾ ಇದ್ದ ದಾರಿಯಂತೆ. ಈದ್ ಪೆರ್ನಾಲ್ ಕಳ್ದು ಹೊರಡ್ತಾನೆ" ಎಂದೆ. ನಿನ್ನ ಪತ್ರದಲ್ಲಿ ಇದ್ದದ್ದೇ ಹೇಳಿದ್ದು, ಸಂತರು ಅಂದರೆ ಔಲಿಯಾ ತಾನೆ. ದೇಶದ ಹೆಸರು ಹೇಳಲಿಲ್ಲ, ಅಷ್ಟೆ. ಹೇಳಿದರೆ ಇನ್ನೂ ನಗಾಡುತ್ತಿದ್ದರು.

ಮುಹಿಯುದ್ದೀನ್ ಪರೋಟದ ಹಿಟ್ಟು ಕೈಯಲ್ಲಿ ಹಿಡಿದುಕೊಂಡೇ ನಿಂತ. "ಪೆರ್ನಾಲ್ ಕಳ್ದು ಹೊರಟ್ರೆ ಹಜ್ಜಿಗೆ ಸರಿಯಾಗಿ ಮುಟ್ತಾನಲ್ಲ ಮೂಸಾಕ! ನಡ್ಕೊಂಡಾ? ಯಾ ಅಲ್ಲಾಹ್, ಈ ಮನುಷ್ಯ ಇಷ್ಟು ದಿವ್ಸ ಬಾಯಿ ಬಿಡ್ಲಿಲ್ಲ ನೋಡಿ!" ಎಂದು ಕೂಗಿದ. ಊರಿನ ಕಡೆಯಿಂದ ಹಾಗೆ ನಡೆದು ಹೊರಟವರ ವಿಡಿಯೋ ಎಲ್ಲರೂ ನೋಡಿದ್ದಾರಲ್ಲ. ಕಿಟಕಿ ಬದಿಯಲ್ಲಿ ಕೂರುವ ಹಾಜಿಯಾರರು ಎದ್ದು ಬಂದು "ಮೂಸಬ್ಬ" ಎಂದು ಕರೆದು ನನ್ನನ್ನು ಅಪ್ಪಿಹಿಡಿದರು. ಇಪ್ಪತ್ತು ವರ್ಷದಿಂದ ಅವರಿಗೆ ಚಹಾ ಕೊಡುತ್ತಿದ್ದೇನೆ. ನನ್ನ ಹೆಸರು ಅವರಿಗೆ ಗೊತ್ತುಂಟು ಅಂತ ನನಗೆ ಅವತ್ತು ಗೊತ್ತಾಯಿತು.

ಆಗಲೇ 'ಅಲ್ಲ' ಅನ್ನಬೇಕಿತ್ತು. ನಾಳೆ ಹೇಳುವ ಎಂದುಕೊಂಡೆ. ಮರುದಿವಸ ಶೂ ಬಂತು. ಆಮೇಲೆ ಖರ್ಜೂರ. ಆಮೇಲೆ ಆ ಹುಡುಗಿ ನಸೀಮ ಚೀಟಿ ಹಿಡಿದು ಬಂದಳು, ಕಣ್ಣಲ್ಲಿ ನೀರು. ಅವಳಿಗೆ ಹೇಗೆ ಹೇಳುವುದು?

ಈ ಅಂಗಡಿಯಲ್ಲಿ ಎಲ್ಲರೂ ನಿನ್ನ ವಿಷಯ ಕೇಳಿದ್ದಾರೆ. ಉತ್ತರ ಬೇಕು ಅಂತ ಯಾರೂ ಕೇಳಿರಲಿಲ್ಲ. ಈಗ ನಾನು ಮಾತಾಡುವಾಗ ಚಹಾದ ಗ್ಲಾಸು ಕೆಳಗಿಡುತ್ತಾರೆ.

ಹಜ್ಜಿಗೆ ಹೋಗುವವ ಹೊರಡುವ ಮೊದಲು ಎಲ್ಲರ ಹತ್ತಿರ ಪೊರುತ್ತ ಕೇಳಬೇಕಲ್ಲ, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ್ದನ್ನು ಮನ್ನಿಸಿಬಿಡಿ ಅಂತ. ಮಗ ಯಾವಾಗ ಪೊರುತ್ತ ಕೇಳಲಿಕ್ಕೆ ಬರುತ್ತಾನೆ ಎಂದು ದಿವಸಕ್ಕೆ ಹತ್ತು ಜನ ಕೇಳುತ್ತಾರೆ. ನಾನು ಏನೋ ಒಂದು ಹೇಳುತ್ತೇನೆ.

ನೀನು ಹೋಗಿ ಬಾ. ಎಲ್ಲಿಂದ ದುಆ ಮಾಡಿದರೂ ಅಲ್ಲಾಹನಿಗೆ ಕೇಳುತ್ತದೆ. ಬಂದ ಮೇಲೆ, ಕಾಲು ಊದಿತು, ಸೌದಿ ಬಾರ್ಡರಿನಲ್ಲಿ ಬಿಡಲಿಲ್ಲ ಎಂದರೆ ಆಯಿತು. ಇದೊಂದು ಬಾಪನಿಗೋಸ್ಕರ ಮಾಡು. ಪಾಸ್‌ಪೋರ್ಟ್ ಕೊಟ್ಟೆನಲ್ಲ.

ಮೂಸಬ್ಬ


ಹಮ್ದಾನ್ ಸ್ಟ್ರೀಟ್
31 ಮಾರ್ಚ್ 2025

ಮೋನೆ,

ಈದ್ ಮುಬಾರಕ್. ಮೂರು ವಾರ ಆಯಿತು, ಉತ್ತರ ಇಲ್ಲ. ವೀಸಾ ಸಿಕ್ಕಿತು ಎಂದು ಗೇಬ್ರಿಯಲ್ ಹೇಳಿದ. ನೀನು ಹೇಳಲಿಲ್ಲ.

ಊರಿಗೆ ನಿನ್ನ ಉಮ್ಮನಿಗೆ ಫೋನ್ ಮಾಡು.

ಬಾಪ


ಹಮ್ದಾನ್ ಸ್ಟ್ರೀಟ್, ನಿಮ್ಮ ರೂಮು
12 ಏಪ್ರಿಲ್ 2025, ಶನಿವಾರ, ಮಧ್ಯಾಹ್ನ ಮೂರು ಗಂಟೆ

ಬಾಪ,

ಇದನ್ನು ನಿಮ್ಮ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಪತ್ರಕ್ಕೆ ಉತ್ತರ ಬರೆಯಲು ಐದು ಸಲ ಕೂತೆ. ಕಾಲು ಊದಿತು ಎಂದು ಬೇರೆ ಯಾವುದಕ್ಕಾದರೂ ಹೇಳುತ್ತಿದ್ದೆ, ಬಾಪ. ಎಷ್ಟು ಸುಳ್ಳು ಹೇಳಿಲ್ಲ ನಾನು. ಹಜ್ಜಿನ ಹೆಸರಿನಲ್ಲಿ ನನ್ನಿಂದ ಆಗುವುದಿಲ್ಲ. ಮತ್ತೆ ನಸೀಮಕ್ಕ ಇದ್ದಾರಲ್ಲ, ಆ ಮಗು ಮಾತಾಡದಿದ್ದರೆ ಅವರು ನನ್ನ ಕಾಲನ್ನು ದೂರುವುದಿಲ್ಲ, ತನ್ನ ಹಣೆಬರಹವನ್ನು ದೂರುತ್ತಾರೆ. ಅದಕ್ಕೆ ವ್ಯಾನ್ ಹತ್ತಿ ಬಂದೆ.

ಅಂಗಡಿಯಲ್ಲಿ ನಡೆದದ್ದು ನಿಮಗೆ ಗೊತ್ತುಂಟು ಎಂದುಕೊಳ್ಳಬೇಡಿ. ನಾನು ಬಾಯಿ ತೆರೆದ ಕೂಡಲೇ ನೀವು ಹಾಲಿನ ಪಾತ್ರೆಯ ಕಡೆ ತಿರುಗಿದಿರಿ. ನಿಮ್ಮ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ನಿಮಗೆ ಯಾರ ಮುಖವೂ ಕಾಣಲಿಲ್ಲ. ಅದಕ್ಕೆ ಬರೆಯುತ್ತೇನೆ.

"ನಾನು ಹೋಗುದು ಮಕ್ಕಕ್ಕೆ ಅಲ್ಲ, ಐರ್ಲೆಂಡಿಗೆ. ಕಣ್ಣು ಕಾಣದವ್ರೊಬ್ರ ಜೊತೆ ನಡೀಲಿಕ್ಕೆ" ಎಂದಾಗ ಮುಹಿಯುದ್ದೀನಾಕ ನಗಾಡಲಿಲ್ಲ. ಅವರು ನಗಾಡಿದ್ದರೆ ನನಗೆ ಸುಲಭ ಆಗುತ್ತಿತ್ತು. ಅವರು ನಿಮ್ಮ ಬೆನ್ನನ್ನು ನೋಡಿದರು. "ಮೂಸಾಕ, ನಿಮ್ಗೆ ಗೊತ್ತಿತ್ತಾ?" ಎಂದು ತುಂಬಾ ಸಣ್ಣ ಸ್ವರದಲ್ಲಿ ಕೇಳಿದರು. ಪರೋಟ ಕಲ್ಲಿನ ಮೇಲೆ ಹೊತ್ತುತ್ತಾ ಇತ್ತು.

ಆಗ ನೀವು ತಿರುಗದೆಯೇ ಹೇಳಿದಿರಿ, "ಗೊತ್ತಿತ್ತು. ನಾನೇ ಬಾಯಿ ಮುಚ್ಚಿದ್ದು. ಹುಡುಗನದ್ದು ತಪ್ಪಿಲ್ಲ."

ನಾನು ನೋಡಿದ್ದನ್ನು ಹೇಳುತ್ತೇನೆ. ಹಾಜಿಯಾರರು ತನ್ನ ಚೀಟಿ ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ತುಂಡು ಮಾಡಿ, ಚಹಾ ಅರ್ಧಕ್ಕೆ ಬಿಟ್ಟು ಹೋದರು. ಇನ್ನು ಅವರು ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಕಿಡ್ನಿಯವರ ತಮ್ಮ ಚೀಟಿ ವಾಪಸು ತೆಗೆದುಕೊಂಡು ಕಿಸೆಗೆ ಹಾಕಿದರು, ನನ್ನ ಮುಖ ನೋಡಲಿಲ್ಲ. ಇಬ್ಬರು "ಪಾಪ ಮೂಸಬ್ಬ" ಎಂದರು, ಅದು ನಿಮಗೆ ಕೇಳಿರಬೇಕು. ಶೂ ಕೊಟ್ಟವರಿಗೆ ಶೂ ತಂದಿದ್ದೆ. "ಹಾಕಿ ನಡ್ದದ್ದಾ?" ಎಂದರು. ಪಾರ್ಕಿನಲ್ಲಿ ಒಂದು ಸಲ ಎಂದೆ. "ಹಾಗಾದ್ರೆ ಇಟ್ಕೋ, ನಿನ್ನ ಕಾಲು ನಾತ ನಂಗೆ ಬೇಡ" ಎಂದರು.

ನಸೀಮಕ್ಕ ಕೊನೆಗೆ ಬಂದರು. ಯಾರೋ ಕ್ಲಿನಿಕ್ಕಿಗೆ ಹೋಗಿ ಹೇಳಿದ್ದರು. ಚೀಟಿ ತೆಗೆದುಕೊಂಡರು, ಓದಿದರು, ಮಡಚಿದರು. ಬೈಯುತ್ತಾರೆ ಎಂದು ಕಾಯುತ್ತಿದ್ದೆ. "ಆ ದಾರಿಯಲ್ಲಿ ಜನ ಇಲ್ವಾ?" ಎಂದು ಕೇಳಿದರು. ತುಂಬಾ ಇಲ್ಲ, ಕುರಿಗಳು ಉಂಟಂತೆ ಎಂದೆ. "ಹಾಗಾದ್ರೆ ಅವ್ಳ ಹೆಸ್ರು ಒಮ್ಮೆ ಜೋರಾಗಿ ಹೇಳು. ಇಲ್ಲಿ ನಾನು ಮೆಲ್ಲಗೆ ಹೇಳಿ ಹೇಳಿ ಸಾಕಾಯ್ತು" ಎಂದು ಚೀಟಿ ನನ್ನ ಅಂಗಿಯ ಕಿಸೆಗೆ ಹಾಕಿದರು.

ನಾನು ಎಲ್ಲರ ಹತ್ತಿರ ಪೊರುತ್ತ ಕೇಳಿದೆ. ಹಜ್ಜಿನದ್ದಲ್ಲ, ದೂರ ಹೋಗುವವನದ್ದು. ಉಳಿದವರೆಲ್ಲ "ಪೊರುತ್ತ" ಎಂದು ಹೇಳಿದರು. ನೀವು ಹೇಳಲಿಲ್ಲ. ಹಾಲು ಉಕ್ಕಿತು, ನೀವು ಒರೆಸುತ್ತಾ ನಿಂತಿರಿ. ನಾನು ರೂಮಿಗೆ ಬಂದೆ.

ಇಲ್ಲಿವರೆಗೆ ಬರೆಯುವಾಗ ನೀವು ಬಂದಿರಿ. ಆಮೇಲೆ ಆದದ್ದನ್ನೂ ಬರೆಯುತ್ತೇನೆ, ಯಾಕೆಂದರೆ ನನ್ನ ಪಾಲಿನ ಮಾತು ಒಂದು ಬಾಕಿ ಉಂಟು.

"ಎಂತ ಬರೀತಿ?" ಎಂದಿರಿ.

"ನಿಮ್ಗೇ."

"ನಾನಿಲ್ಲೇ ಇದ್ದೇನಲ್ಲ ಮಾರಾಯ."

ಚಪ್ಪಲಿ ಬಿಚ್ಚಿದಿರಿ. ಕಾಲು ದಿಂಬಿನ ಮೇಲಿಟ್ಟು ಮಲಗಿದಿರಿ, ಗೋಡೆಯ ಕಡೆ ಮುಖ. ಗಂಟು ಕಟ್ಟಿದ ಆ ನರಗಳನ್ನು ನಾನು ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ.

"ಹಾಜಿಯಾರ್ರು ಇನ್ನು ಬರುದಿಲ್ಲ" ಎಂದಿರಿ.

"ಬರ್ಬಹುದು."

"ಬರುದಿಲ್ಲ. ಬಿಡು." ಕಾಲಿನ ಕೆಳಗಿನ ದಿಂಬು ಸರಿ ಮಾಡಿದಿರಿ. "ಯಾವಾಗ ಹೊರಡುದು ಐರ್ಲೆಂಡಿಗೆ?"

ಆ ಹೆಸರು ನಿಮ್ಮ ಬಾಯಲ್ಲಿ ಬಂದದ್ದು ನಾನು ಕೇಳಿದೆ. "ಇಪ್ಪತ್ನಾಲ್ಕಕ್ಕೆ" ಎಂದೆ.

"ಚಳಿ ಉಂಟಾ ಅಲ್ಲಿ?"

"ಉಂಟಂತೆ. ಮಳೆಯೂ."

"ಹೋಗು. ಆ ಮನುಷ್ಯನನ್ನು ಬೀಳಿಸ್ಬೇಡ." ಮತ್ತೆ ಗೋಡೆಗೆ ಹೇಳುವ ಹಾಗೆ, "ಪೊರುತ್ತ ನಾನು ಕೊಟ್ಟಿದ್ದೇನೆ. ನಂಗೆ ನೀನು ಕೊಡ್ಬೇಕು. ಆ ಕೌಂಟರಿನ ಹಿಂದೆ ನಿಂತು ನಿನ್ನನ್ನು ಎರಡು ತಿಂಗಳು ಮಾರಿದೆ ನಾನು."

ಬಾಪ ಮಗನ ಹತ್ತಿರ ಕೇಳುವುದು ನಾನು ಎಲ್ಲೂ ನೋಡಿಲ್ಲ. ಪೆನ್ನು ಕೆಳಗಿಟ್ಟು ನಿಮ್ಮ ಕಡೆ ತಿರುಗಿದೆ. ನಾನು ಮಾತು ಹುಡುಕುವಷ್ಟರಲ್ಲಿ ನೀವು ಗೊರಕೆ ಹೊಡೆಯುತ್ತಿದ್ದಿರಿ. ನಾಲ್ಕೂವರೆಗೆ ನಿಮಗೆ ಮತ್ತೆ ಡ್ಯೂಟಿ. ಎಬ್ಬಿಸುವುದಿಲ್ಲ.

ಪೊರುತ್ತ, ಬಾಪ. ನನ್ನ ಕಡೆಯಿಂದ ಪೂರ್ತಿ.

ಕೆಳಗೆ ಗೇಬ್ರಿಯಲ್ ಹಾರ್ನ್ ಹೊಡೆಯುತ್ತಿದ್ದಾನೆ. ಈ ಕಾಗದ ನಿಮ್ಮ ಚಪ್ಪಲಿಯ ಮೇಲೆ ಇಟ್ಟಿದ್ದೇನೆ, ಎದ್ದ ಕೂಡಲೇ ಕಾಣುತ್ತದೆ. ನಾನು ಹೊರಟೆ. ಬಾಗಿಲು ಮೆಲ್ಲಗೆ ಎಳೆದುಕೊಳ್ಳುತ್ತೇನೆ.

ಸಫ್ವಾನ್